ಶತ್ರುವಿನ ಸಾವು ಮತ್ತು ಸಂಭ್ರಮ

ವೈರಿ ಸತ್ತ ಸುದ್ದಿಗೆ ಹಿಗ್ಗಬಹುದೇ, ಹಿಗ್ಗಿದರೂ ಎಲ್ಲಿಯವರೆಗೆ ಎಂಬುದು ನೀತಿಚಿಂತನೆಯ ಹಳೆಯ ಜಿಜ್ಞಾಸೆ. ಕಂಟಕ ಕಳೆಯಿತೆಂಬ ನೆಮ್ಮದಿಯನ್ನು ಸಾಮಾನ್ಯವಾಗಿ ಯಾರೂ ತಪ್ಪೆಂದಿಲ್ಲ. ಹೆಣದ ಮುಂದಿನ ಕೇಕೆಯನ್ನು ಮಾತ್ರ ಗೆದ್ದ ಪಕ್ಷದವರೇ ಮತ್ತೆ ಮತ್ತೆ ತಡೆದಿದ್ದಾರೆ.

ವಾಲ್ಮೀಕಿ ರಾಮಾಯಣದಲ್ಲಿ ರಾವಣನ ಅಂತ್ಯಸಂಸ್ಕಾರಕ್ಕೆ ವಿಭೀಷಣ ಹಿಂದೆಗೆದಾಗ, ಹಗೆ ಸಾವಿಗೇ ಮುಗಿಯಿತೆಂದು ರಾಮ ತಿಳಿಹೇಳುತ್ತಾನೆ. ಮಹಾಭಾರತದ ದಾರಿ ಇಷ್ಟು ಸಲೀಸಲ್ಲ. ತೊಡೆ ಮುರಿದು ಬಿದ್ದ ದುರ್ಯೋಧನನ ತಲೆಯನ್ನು ಭೀಮ ಒದೆಯುತ್ತಾನೆ, ಧರ್ಮರಾಯ ಅವನನ್ನು ಗದರುತ್ತಾನೆ. ಕನ್ನಡದಲ್ಲಿ ಈ ಸಂಕಟವನ್ನು ಆಳವಾಗಿ ಕಂಡವನು 10ನೇ ಶತಮಾನದ ರನ್ನ. ಅವನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ಹಾದುಹೋಗುವ ದುರ್ಯೋಧನನಿಗೆ ಅಭಿಮನ್ಯುವಿನ ಶವ ಎದುರಾಗುತ್ತದೆ. ಆ ಹುಡುಗನನ್ನು ಸುತ್ತುಗಟ್ಟಿ ಕೊಂದದ್ದು ಇವನದೇ ಸೇನೆ. ಇವನ ಮಗ ಲಕ್ಷ್ಮಣಕುಮಾರ ಸತ್ತದ್ದು ಆ ಹುಡುಗನ ಕೈಯಲ್ಲಿ. ಆದರೂ ದುರ್ಯೋಧನ ಕೈಮುಗಿದು, ತನಗೂ ಅಂಥ ವೀರಮರಣ ಬರಲೆಂದು ಬೇಡುತ್ತಾನೆ.

ಹೋಮರನ ‘ಒಡಿಸ್ಸಿ’ಯಲ್ಲಿ ಸತ್ತವರನ್ನು ಕಂಡು ಹರ್ಷದಿಂದ ಕೂಗಹೊರಟ ಮುದಿ ದಾದಿಯ ಬಾಯಿ ಮುಚ್ಚಿಸುವವನು, ಅವರನ್ನು ಕೊಂದ ಒಡಿಸ್ಯೂಸನೇ. ಯೆಹೂದ್ಯರ ತಾಲ್ಮುದ್‌ ಹೇಳುವ ಕಥೆಯಲ್ಲಿ, ಈಜಿಪ್ಟಿನ ಸೈನಿಕರು ಮುಳುಗುವಾಗ ಹಾಡಹೊರಟ ದೇವದೂತರನ್ನು ದೇವರು ತಡೆಯುತ್ತಾನೆ. ಪಸ್ಕ ಹಬ್ಬದ ಊಟದಲ್ಲಿ ಈಜಿಪ್ಟಿಗೆರಗಿದ ಹತ್ತು ಪೀಡೆಗಳನ್ನು ಹೆಸರಿಸುವಾಗ ಒಂದೊಂದಕ್ಕೂ ದ್ರಾಕ್ಷಾರಸದ ಒಂದು ಹನಿ ಚೆಲ್ಲುವ ರೂಢಿಯಿದೆ. ಶತ್ರು ಪಟ್ಟ ನೋವಿಗಾಗಿ ತಮ್ಮ ಬಟ್ಟಲಿನ ಸಂತಸ ಅಷ್ಟು ತಗ್ಗಲಿ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಅದೇ ಜನರ ಪೂರಿಮ್ ಹಬ್ಬ ಮಾತ್ರ ವೈರಿ ಹಾಮಾನನ ಪತನವನ್ನು ಗದ್ದಲದಿಂದಲೇ ನೆನೆಯುತ್ತದೆ.

ನಮ್ಮ ನರಕ ಚತುರ್ದಶಿಯೂ ವೈರಿ ಸತ್ತ ದಿನದ ಹಬ್ಬ. ಆ ದಿನ ಜನ ಎಣ್ಣೆನೀರು ಹಾಕಿಕೊಂಡು ದೀಪ ಹಚ್ಚಲಿ ಎಂಬುದು ಸಾಯುವಾಗ ನರಕಾಸುರನೇ ಬೇಡಿದ ವರ ಎಂಬ ಕಥೆಯುಂಟು. ಸತ್ತವನ ಒಪ್ಪಿಗೆಯಿಲ್ಲದೆ ಹಬ್ಬ ಮಾಡಲು ಜನಮನ ಅಳುಕಿದ್ದರಿಂದಲೇ ಈ ಕಥೆ ಹುಟ್ಟಿರಬೇಕು.

ಕರ್ನಾಟಕದ ಇತಿಹಾಸದಲ್ಲಿ ಎರಡು ಮುಖಗಳೂ ಒಟ್ಟಿಗೆ ಕಾಣುವುದು ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರ ರಾತ್ರಿ ಕೋಟೆಬಾಗಿಲ ಹೆಣಗಳ ರಾಶಿಯಲ್ಲಿ ದೀಪದ ಬೆಳಕಿನಲ್ಲಿ ಟಿಪ್ಪು ಸುಲ್ತಾನನ ದೇಹ ಸಿಕ್ಕಿತು. ಹುಡುಕಿಸಿದ ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್ ಹಿಂದೆ ಇದೇ ಊರಿನಲ್ಲಿ ಮೂರು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದವನು. ಆ ರಾತ್ರಿ ಸೈನಿಕರು ಊರನ್ನು ಸೂರೆ ಮಾಡಿದರು. ಮರುದಿನ ಅದೇ ಸೈನ್ಯ ಸುಲ್ತಾನನನ್ನು ಸೇನಾಗೌರವದೊಂದಿಗೆ ಗುಂಬಜ್‌ನಲ್ಲಿ ತಂದೆ ಹೈದರನ ಪಕ್ಕ ಮಣ್ಣುಮಾಡಿತು. ಬಳಿಕ ಈಸ್ಟ್ ಇಂಡಿಯಾ ಕಂಪನಿ ಹಂಚಿದ ಪದಕದಲ್ಲಿ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿದೆ. ಗೌರವ ಒಂದು ದಿನದ್ದು, ಜಂಬ ಲೋಹದಲ್ಲಿ ಉಳಿಯಿತು.

1949ರ ಜಿನೀವಾ ಒಪ್ಪಂದ ಶತ್ರುಪಕ್ಷದ ಮೃತರಿಗೂ ಗೌರವದ ಸಂಸ್ಕಾರವನ್ನು ಕಡ್ಡಾಯ ಮಾಡಿತು. ಬೀದಿಯ ಮನಸ್ಸಿಗೆ ಅಂಥ ಕಾನೂನಿಲ್ಲ. 2011ರ ಮೇನಲ್ಲಿ ಒಸಾಮಾ ಬಿನ್ ಲಾಡೆನ್ ಹತನಾದಾಗ ಶ್ವೇತಭವನದ ಮುಂದೆ ಜನ ಕುಣಿದರು. ಮನುಷ್ಯನ ಸಾವಿಗೆ ಕ್ರೈಸ್ತನಾದವನು ಸಂತೋಷಪಡುವುದಿಲ್ಲವೆಂದು ವ್ಯಾಟಿಕನ್ ವಕ್ತಾರರು ಹೇಳಬೇಕಾಯಿತು. ತಮ್ಮವರನ್ನು ಕಳೆದುಕೊಂಡವರ ನಿಟ್ಟುಸಿರನ್ನೂ ಆ ಕುಣಿತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ರಣರಂಗದಲ್ಲೇ ವೈರಿಗೆ ಗೌರವ ಸಂದದ್ದೂ ಉಂಟು. 1999ರ ಕಾರ್ಗಿಲ್ ಯುದ್ಧದಲ್ಲಿ ಪಾಕಿಸ್ತಾನದ, ಕರ್ನಲ್ ಶೇರ್ ಖಾನ್ ಎಂಬ ಹೆಸರಿನ ಕ್ಯಾಪ್ಟನ್ ಟೈಗರ್ ಹಿಲ್‌ನಲ್ಲಿ ಹೋರಾಡಿ ಸತ್ತರು. ಅವರ ಶೌರ್ಯವನ್ನು ಮೆಚ್ಚಿ ಬರೆದ ಚೀಟಿಯನ್ನು ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಶವದ ಜೇಬಿನಲ್ಲಿರಿಸಿ ಕಳುಹಿಸಿದರು. ಪಾಕಿಸ್ತಾನ ಶೇರ್ ಖಾನರಿಗೆ ತನ್ನ ಅತ್ಯುನ್ನತ ಸೇನಾ ಪ್ರಶಸ್ತಿ ನಿಶಾನ್-ಎ-ಹೈದರ್ ನೀಡಿತು.