ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಅಭಿಮಾನಿಗಳು

ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಪಂದ್ಯಾವಳಿಯಲ್ಲಿ ಆಡುವ ತಂಡ. ಈ ತಂಡದ ಅಭಿಮಾನಿ ಬಳಗವು ಭಾರತದ ಕ್ರೀಡಾಭಿಮಾನಿ ಸಮುದಾಯಗಳಲ್ಲಿ ಅತಿ ದೊಡ್ಡವುಗಳಲ್ಲಿ ಒಂದು. ಹದಿನೇಳು ಆವೃತ್ತಿಗಳವರೆಗೆ ಪ್ರಶಸ್ತಿ ದೊರೆಯದಿದ್ದರೂ ಬೆಂಬಲ ಕುಗ್ಗದೆ ಬೆಳೆದದ್ದು ಈ ಬಳಗದ ವಿಶೇಷ. ಪಂದ್ಯಗಳ ಸೋಲು ಗೆಲುವು, ಮುಂದಿನ ಸುತ್ತಿನ ಸಾಧ್ಯತೆ, ಯಾವ ಆಟಗಾರನನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರನ್ನು ಬೇರೆ ತಂಡದಿಂದ ತರಬೇಕು ಎಂಬ ಚರ್ಚೆಗಳು ವರ್ಷವಿಡೀ ನಡೆಯುತ್ತವೆ. ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ದೂರದ ಕಾರವಾರ, ಅಂಕೋಲಾಗಳಂಥ ಕರಾವಳಿ ಊರುಗಳಲ್ಲಿಯೂ ಈ ಚರ್ಚೆಯ ಕಾವು ಕಡಿಮೆಯಿಲ್ಲ.

ಹಿನ್ನೆಲೆ

೨೦೦೮ರಲ್ಲಿ ಐಪಿಎಲ್ ಆರಂಭವಾದಾಗ ವಿಜಯ್ ಮಲ್ಯ ನೇತೃತ್ವದ ಯುಬಿ ಸಮೂಹವು ೧೧.೧೬ ಕೋಟಿ ಡಾಲರ್‌ಗಳಿಗೆ ಬೆಂಗಳೂರು ತಂಡವನ್ನು ಕೊಂಡಿತು. ಆರಂಭದ ಎಂಟು ತಂಡಗಳಲ್ಲಿ ಮುಂಬಯಿಯ ನಂತರ ಇದೇ ಹೆಚ್ಚು ಬೆಲೆಯದು. ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯವೂ ೨೦೦೮ರ ಏಪ್ರಿಲ್ ೧೮ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ನಡೆಯಿತು. ಅಂದು ಕೋಲ್ಕತ್ತ ನೈಟ್ ರೈಡರ್ಸ್‌ನ ಬ್ರೆಂಡನ್ ಮೆಕಲಮ್ ಅಜೇಯ ೧೫೮ ರನ್ ಹೊಡೆದರು. ರಾಹುಲ್ ದ್ರಾವಿಡ್ ನಾಯಕತ್ವದ ಬೆಂಗಳೂರು ತಂಡ ೮೨ಕ್ಕೆ ಆಲೌಟಾಗಿ ೧೪೦ ರನ್‌ಗಳಿಂದ ಸೋತಿತು. ಅಭಿಮಾನಿಗಳ ಕಷ್ಟದ ದಿನಗಳು ಮೊದಲ ಸಂಜೆಯಿಂದಲೇ ತೊಡಗಿದವು ಎನ್ನಬಹುದು.

೨೦೦೯ರಲ್ಲಿ ಅನಿಲ್ ಕುಂಬ್ಳೆ ನಾಯಕತ್ವದಲ್ಲಿ ತಂಡ ಫೈನಲ್ ತಲುಪಿ ಡೆಕ್ಕನ್ ಚಾರ್ಜರ್ಸ್‌ಗೆ ೬ ರನ್‌ಗಳಿಂದ ಸೋತಿತು. ೨೦೧೧ರ ಫೈನಲ್‌ನಲ್ಲಿ ಚೆನ್ನೈ ಸೂಪರ್ ಕಿಂಗ್ಸ್‌ಗೆ ೫೮ ರನ್‌ಗಳಿಂದ ಶರಣಾಯಿತು. ಮೂರನೆಯದು ಹೆಚ್ಚು ನೋವಿನದು. ೨೦೧೬ರಲ್ಲಿ ವಿರಾಟ್ ಕೊಹ್ಲಿ ನಾಲ್ಕು ಶತಕಗಳೊಂದಿಗೆ ೯೭೩ ರನ್ ಗಳಿಸಿದ್ದರು, ಫೈನಲ್ ತವರಿನ ಅಂಗಳದಲ್ಲಿಯೇ ಇತ್ತು. ಸನ್‌ರೈಸರ್ಸ್ ಹೈದರಾಬಾದ್ ನೀಡಿದ ೨೦೯ರ ಗುರಿಯ ಎದುರು ತಂಡ ೨೦೦ಕ್ಕೆ ನಿಂತಿತು. ಆ ಎಂಟು ರನ್‌ಗಳ ಲೆಕ್ಕವನ್ನು ಅಭಿಮಾನಿಗಳು ಇಂದಿಗೂ ಓವರ್ ಓವರಾಗಿ ಬಿಡಿಸುತ್ತಾರೆ.

ತಂಡದ ಏರಿಳಿತಕ್ಕೆ ಒಂದೇ ದಿನಾಂಕವನ್ನು ಸಾಕ್ಷಿಯಾಗಿ ಹೇಳುವುದುಂಟು. ೨೦೧೩ರ ಏಪ್ರಿಲ್ ೨೩ರಂದು ಕ್ರಿಸ್ ಗೇಲ್ ಅವರ ಅಜೇಯ ೧೭೫ರ ಬಲದಿಂದ ತಂಡ ೨೬೩ ರನ್ ಪೇರಿಸಿತು. ೨೦೧೭ರ ಏಪ್ರಿಲ್ ೨೩ರಂದು ಅದೇ ತಂಡ ೪೯ಕ್ಕೆ ಆಲೌಟಾಯಿತು.

ಘೋಷವಾಕ್ಯ

‘ಈ ಸಲ ಕಪ್ ನಮ್ದೇ’ ಎಂಬ ಮಾತು ೨೦೧೮ರ ಸುಮಾರಿಗೆ ವ್ಯಾಪಕವಾಯಿತು. ವ್ಯಾಕರಣದ ದೃಷ್ಟಿಯಿಂದ ಇದು ‘ನಮ್ಮದೇ’ ಎಂಬುದರ ಆಡುರೂಪ; ಕೊನೆಯ ‘ಏ’ಕಾರವು ನಿಶ್ಚಯವನ್ನು ಸೂಚಿಸುವ ಅವಧಾರಣೆ. ಮೊದಲು ನಂಬಿಕೆಯಿಂದ ಹುಟ್ಟಿದ ಮಾತು ಪ್ರತಿ ವರ್ಷದ ಸೋಲಿನ ನಂತರ ಎದುರಾಳಿಗಳ ಬಾಯಲ್ಲಿ ಅಣಕವಾಯಿತು. ಬಳಿಕ ಅಭಿಮಾನಿಗಳೇ ಅದನ್ನು ತಮ್ಮ ಮೇಲಿನ ತಮಾಷೆಯಾಗಿಯೂ ಬಳಸತೊಡಗಿದರು. ಕನ್ನಡ ಬಾರದ ಆಟಗಾರರೂ ಬೇರೆ ರಾಜ್ಯಗಳ ವೀಕ್ಷಕರೂ ಉಚ್ಚರಿಸಲು ಕಲಿತ ಕೆಲವೇ ಕನ್ನಡ ವಾಕ್ಯಗಳಲ್ಲಿ ಇದೂ ಒಂದು.

೨೦೨೪ರ ಮಾರ್ಚ್ ೧೭ರಂದು ತಂಡದ ಮಹಿಳಾ ವಿಭಾಗವು ದೆಹಲಿಯಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ತಂಡವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ಮಹಿಳಾ ಪ್ರೀಮಿಯರ್ ಲೀಗ್ ಗೆದ್ದಿತು. ಕರ್ನಾಟಕದ ಶ್ರೇಯಾಂಕಾ ಪಾಟೀಲ್ ೧೨ ರನ್ನಿಗೆ ನಾಲ್ಕು ವಿಕೆಟ್ ಪಡೆದರು. ನಾಯಕಿ ಸ್ಮೃತಿ ಮಂಧಾನ ಘೋಷಣೆಯನ್ನು ‘ಈ ಸಲ ಕಪ್ ನಮ್ದು’ ಎಂದು ತಿದ್ದಿ ಹೇಳಿದರು. ‘ಏ’ಕಾರವೊಂದನ್ನು ಬಿಟ್ಟ ಮಾತ್ರಕ್ಕೆ ಆಸೆಯ ಮಾತು ವರದಿಯ ಮಾತಾಯಿತು. ಹದಿನಾರು ವರ್ಷ ಪುರುಷರ ತಂಡಕ್ಕಾಗಿ ಕಾದವರಿಗೆ ಮೊದಲ ಕಪ್ ತಂದುಕೊಟ್ಟವರು ಎರಡೇ ವರ್ಷ ಹಳೆಯ ಮಹಿಳಾ ತಂಡದವರು ಎಂಬುದನ್ನು ಚರ್ಚೆಗಳಲ್ಲಿ ಸಾಕಷ್ಟು ನೆನೆಯುವುದಿಲ್ಲ. ಅದೇ ತಿಂಗಳು ತಂಡದ ಹೆಸರಿನ ‘ಬ್ಯಾಂಗಲೋರ್’ ಎಂಬುದು ‘ಬೆಂಗಳೂರು’ ಆಯಿತು.

ಆಟಗಾರರ ವಿನಿಮಯ

ಐಪಿಎಲ್‌ನಲ್ಲಿ ಆಟಗಾರನೊಬ್ಬ ತಂಡ ಬದಲಿಸುವುದು ಸಾಮಾನ್ಯವಾಗಿ ಹರಾಜಿನ ಮೂಲಕ. ಇದಲ್ಲದೆ ‘ಟ್ರೇಡ್’ ಎಂಬ ಎರಡನೆಯ ದಾರಿಯೂ ಇದೆ. ನಿಗದಿತ ಅವಧಿಯಲ್ಲಿ ಒಂದು ತಂಡವು ತನ್ನ ಆಟಗಾರನನ್ನು ಇನ್ನೊಂದು ತಂಡದ ಆಟಗಾರನಿಗೆ ಬದಲಾಗಿ ಅಥವಾ ಪೂರ್ತಿ ಹಣಕ್ಕೆ ಬಿಟ್ಟುಕೊಡಬಹುದು. ಇದಕ್ಕೆ ಎರಡೂ ತಂಡಗಳ ಒಪ್ಪಿಗೆ, ಆಟಗಾರನ ಸಮ್ಮತಿ ಮತ್ತು ಮಂಡಳಿಯ ಅನುಮೋದನೆ ಬೇಕು. ನಿಯಮ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ರವೀಂದ್ರ ಜಡೇಜ ಉದಾಹರಣೆ: ರಾಜಸ್ಥಾನ ತಂಡದ ಕರಾರಿನಲ್ಲಿರುವಾಗಲೇ ಬೇರೆ ತಂಡದೊಡನೆ ಮಾತುಕತೆ ನಡೆಸಿದ ಕಾರಣಕ್ಕೆ ಅವರನ್ನು ೨೦೧೦ರ ಇಡೀ ಆವೃತ್ತಿಯಿಂದ ಹೊರಗಿಡಲಾಯಿತು.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಪದ್ಧತಿ ಶತಮಾನಕ್ಕೂ ಹಳೆಯದು. ಅಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡವು ಬೇಬ್ ರೂತ್ ಎಂಬ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ ಸುದ್ದಿ ೧೯೨೦ರ ಜನವರಿಯಲ್ಲಿ ಹೊರಬಂತು. ೧೯೧೮ರಲ್ಲಿ ಪ್ರಶಸ್ತಿ ಗೆದ್ದಿದ್ದ ಬಾಸ್ಟನ್ ಮತ್ತೆ ಗೆದ್ದದ್ದು ೨೦೦೪ರಲ್ಲಿ. ಒಂದು ಮಾರಾಟದ ಹೊಣೆಯನ್ನು ಎಂಬತ್ತಾರು ವರ್ಷ ಹೊರಿಸಿದ ಆ ಅಭಿಮಾನಿಗಳ ಮನಃಸ್ಥಿತಿಯನ್ನು ಆರ್‌ಸಿಬಿ ಬಳಗದವರು ಸುಲಭವಾಗಿ ಅರಿಯಬಲ್ಲರು.

ಆರ್‌ಸಿಬಿಯ ವಿನಿಮಯಗಳಲ್ಲಿ ಮೊದಲನೆಯದು ೨೦೦೯ರದು. ವೇಗಿ ಜಹೀರ್ ಖಾನ್ ಅವರನ್ನು ಮುಂಬಯಿಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ತರಲಾಯಿತು. ೨೦೧೬ಕ್ಕೆ ಮುನ್ನ ಕೆ. ಎಲ್. ರಾಹುಲ್ ಹೈದರಾಬಾದ್ ತಂಡದಿಂದ ಮರಳಿದರು. ಆ ವರ್ಷ ೩೯೭ ರನ್ ಗಳಿಸಿ ತಂಡ ಫೈನಲ್ ತಲುಪಲು ನೆರವಾದರು. ಭುಜದ ಗಾಯದಿಂದ ೨೦೧೭ರಲ್ಲಿ ಆಡಲಾಗಲಿಲ್ಲ, ೨೦೧೮ರ ಹರಾಜಿನಲ್ಲಿ ೧೧ ಕೋಟಿ ರೂಪಾಯಿಗೆ ಪಂಜಾಬ್ ಪಾಲಾದರು.

ಅತಿ ಹೆಚ್ಚು ಟೀಕೆಗೆ ಗುರಿಯಾದದ್ದು ೨೦೧೮ರ ಕೊನೆಯಲ್ಲಿ ಕ್ವಿಂಟನ್ ಡಿ ಕಾಕ್ ಅವರನ್ನು ೨.೮ ಕೋಟಿ ರೂಪಾಯಿಗೆ ಮುಂಬಯಿಗೆ ಬಿಟ್ಟುಕೊಟ್ಟ ನಿರ್ಧಾರ. ಮರು ವರ್ಷ ಅವರು ಮುಂಬಯಿ ಪರ ೫೨೯ ರನ್ ಗಳಿಸಿದರು, ಮುಂಬಯಿ ಕಪ್ ಗೆದ್ದಿತು. ಅದೇ ಅವಧಿಯಲ್ಲಿ ಮನ್‌ದೀಪ್ ಸಿಂಗ್ ಅವರನ್ನು ಪಂಜಾಬ್‌ಗೆ ಕೊಟ್ಟು ಮಾರ್ಕಸ್ ಸ್ಟೋಯಿನಿಸ್ ಅವರನ್ನು ಪಡೆದದ್ದೂ ಹೇಳಿಕೊಳ್ಳುವ ಲಾಭ ತರಲಿಲ್ಲ. ಇದಕ್ಕೆ ವಿರುದ್ಧವಾಗಿ ೨೦೨೧ರ ಆರಂಭದಲ್ಲಿ ಡೆಲ್ಲಿಯಿಂದ ಬಂದ ಹರ್ಷಲ್ ಪಟೇಲ್ ಆ ಆವೃತ್ತಿಯಲ್ಲಿ ೩೨ ವಿಕೆಟ್ ಕಿತ್ತು ಡ್ವೇನ್ ಬ್ರಾವೊ ಅವರ ದಾಖಲೆಯನ್ನು ಸರಿಗಟ್ಟಿದರು. ೨೦೨೩ರ ನವೆಂಬರಿನಲ್ಲಿ ೧೭.೫ ಕೋಟಿ ಕೊಟ್ಟು ಮುಂಬಯಿಯಿಂದ ತಂದ ಕ್ಯಾಮರನ್ ಗ್ರೀನ್ ಒಂದೇ ವರ್ಷ ಆಡಿದರು. ಆ ವಹಿವಾಟು ಮುಂಬಯಿಗೆ ಹಾರ್ದಿಕ್ ಪಾಂಡ್ಯರನ್ನು ಗುಜರಾತ್‌ನಿಂದ ಕೊಳ್ಳಲು ಅನುಕೂಲ ಮಾಡಿಕೊಟ್ಟಿತು ಎಂಬ ವಾದ ಸುಳ್ಳಲ್ಲ.

ವಿನಿಮಯಕ್ಕಿಂತಲೂ ‘ಬಿಟ್ಟುಕೊಟ್ಟದ್ದರ’ ಕೊರಗು ದೊಡ್ಡದು. ತಂಡದ ಪರ ೧೩೯ ವಿಕೆಟ್ ಪಡೆದ ಯಜುವೇಂದ್ರ ಚಾಹಲ್ ಅವರನ್ನು ೨೦೨೨ರಲ್ಲಿ ಉಳಿಸಿಕೊಳ್ಳದೆ ರಾಜಸ್ಥಾನಕ್ಕೆ ಹೋಗಗೊಟ್ಟದ್ದು ಇಂಥ ಪಟ್ಟಿಯ ಮೊದಲಿಗೆ ಬರುತ್ತದೆ.

ಕರ್ನಾಟಕದ ಆಟಗಾರರ ಪ್ರಶ್ನೆ

ಕನ್ನಡ ಅಭಿಮಾನಿಗಳ ಬಹುಕಾಲದ ಅಸಮಾಧಾನವೆಂದರೆ ತಂಡದಲ್ಲಿ ಕರ್ನಾಟಕದವರು ಕಡಿಮೆ ಎಂಬುದು. ಮೊದಲ ವರ್ಷಗಳಲ್ಲಿ ದ್ರಾವಿಡ್, ಕುಂಬ್ಳೆ, ವಿನಯ್ ಕುಮಾರ್, ಉತ್ತಪ್ಪ, ಮನೀಶ್ ಪಾಂಡೆ ಇದ್ದರು. ಐಪಿಎಲ್‌ನಲ್ಲಿ ಶತಕ ಗಳಿಸಿದ ಮೊದಲ ಭಾರತೀಯ ಪಾಂಡೆ ಅವರೇ. ೨೦೦೯ರಲ್ಲಿ ಆ ಶತಕ ಬಂದದ್ದು ಆರ್‌ಸಿಬಿ ಪರವಾಗಿ. ಕ್ರಮೇಣ ರಾಜ್ಯದ ಪ್ರತಿಭೆಗಳು ಬೇರೆ ತಂಡಗಳಲ್ಲಿ ಹೆಚ್ಚಾದವು. ೨೦೨೫ರಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಲ್ಲುವ ನೇರಳೆ ಟೋಪಿ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರಿಗೆ ಸಂದಾಗ ಅವರು ಗುಜರಾತ್ ಟೈಟನ್ಸ್‌ನಲ್ಲಿದ್ದರು. ರಾಹುಲ್ ಡೆಲ್ಲಿಯಲ್ಲಿದ್ದರು.

ಈ ದೂರಿಗೆ ಉತ್ತರವೂ ಇದೆ. ಹರಾಜಿನಲ್ಲಿ ಪ್ರತಿ ತಂಡದ ಕೈಯಲ್ಲಿರುವುದು ಸಮಾನವಾದ, ಮಿತಿಯುಳ್ಳ ಮೊತ್ತ. ಊರಿನವರೆಂಬ ಕಾರಣಕ್ಕೆ ಹೆಚ್ಚು ಕೂಗಿದರೆ ಬೌಲಿಂಗ್ ಬಡವಾಗುತ್ತದೆ. ೨೦೨೫ರ ತಂಡವನ್ನು ಕಟ್ಟುವಾಗ ಜೋಶ್ ಹೇಜಲ್‌ವುಡ್ (೧೨.೫ ಕೋಟಿ), ಭುವನೇಶ್ವರ್ ಕುಮಾರ್ (೧೦.೭೫ ಕೋಟಿ), ಕೃಣಾಲ್ ಪಾಂಡ್ಯ (೫.೭೫ ಕೋಟಿ) ಅವರಿಗೆ ಹಣ ವ್ಯಯಿಸಿ, ದೇವದತ್ತ ಪಡಿಕ್ಕಲ್ ಅವರನ್ನು ಮೂಲಬೆಲೆ ೨ ಕೋಟಿಗೆ ಪಡೆಯಲಾಯಿತು. ರಾಯಚೂರಿನ ಮನೋಜ್ ಭಾಂಡಗೆ ತಂಡದಲ್ಲಿದ್ದರು. ಹರಾಜಿನ ದಿನ ಬೈಗುಳ ತಿಂದ ಈ ಆಯ್ಕೆಗಳೇ ಕಪ್ ತಂದವು ಎಂಬುದನ್ನು ಒಪ್ಪಬೇಕಾಗುತ್ತದೆ.

ಕಾರವಾರ ಮತ್ತು ಅಂಕೋಲಾ

ಉತ್ತರ ಕನ್ನಡ ಜಿಲ್ಲೆಯು ೧೮೬೨ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕಾರವಾರದ ಕಾಳಿ ನದಿ ದಾಟಿದರೆ ಗೋವಾ ಹತ್ತಿರ. ಕೊಂಕಣಿ, ಮರಾಠಿ ಮನೆಮಾತಿನವರೂ, ಮುಂಬಯಿಯಲ್ಲಿ ದುಡಿಯುವ ಬಂಧುಗಳುಳ್ಳವರೂ ಇಲ್ಲಿ ಅನೇಕರು. ಹೀಗಾಗಿ ಒಂದೇ ಮನೆಯಲ್ಲಿ ತಂದೆ ತೆಂಡೂಲ್ಕರ್ ಕಾಲದಿಂದ ಮುಂಬಯಿ ಇಂಡಿಯನ್ಸ್ ಕಡೆಗೂ ಮಕ್ಕಳು ಆರ್‌ಸಿಬಿ ಕಡೆಗೂ ಇರುವುದು ವಿರಳವಲ್ಲ. ೨೦೧೮ರಿಂದ ದೂರದರ್ಶಕದಲ್ಲಿ ಕನ್ನಡ ವೀಕ್ಷಕ ವಿವರಣೆ ದೊರೆತದ್ದು ಎರಡನೆಯ ಪಕ್ಷಕ್ಕೆ ಬಲ ನೀಡಿತು. ವಿಜಯ್ ಭಾರದ್ವಾಜ್ ಅವರಂಥ ಮಾಜಿ ಆಟಗಾರರು ಕನ್ನಡದಲ್ಲಿ ಆಟದ ಒಳಸುಳಿ ವಿವರಿಸುವುದನ್ನು ಕೇಳಿದ ಮೇಲೆ ಮನೆಯ ಹಿರಿಯರೂ ‘ನೆಟ್ ರನ್‌ರೇಟ್’ ಲೆಕ್ಕ ಹಾಕಲು ಕಲಿತರು.

ಆ ಲೆಕ್ಕ ಪರೀಕ್ಷೆಗೆ ಬಂದದ್ದು ೨೦೨೪ರಲ್ಲಿ. ಮೊದಲ ಎಂಟರಲ್ಲಿ ಏಳು ಪಂದ್ಯ ಸೋತಿದ್ದ ತಂಡ ನಂತರ ಸತತ ಆರು ಗೆದ್ದಿತು. ಮೇ ೧೮ರ ಕೊನೆಯ ಪಂದ್ಯದಲ್ಲಿ ಚೆನ್ನೈಯನ್ನು ಕನಿಷ್ಠ ೧೮ ರನ್‌ಗಳಿಂದ ಸೋಲಿಸಿದರೆ ಮಾತ್ರ ಮುಂದಿನ ಸುತ್ತು ಎಂಬ ಸ್ಥಿತಿಯಿತ್ತು. ೨೭ ರನ್‌ಗಳಿಂದ ಗೆದ್ದಿತು.

ಐಪಿಎಲ್‌ನ ಹರಾಜು ಪದ್ಧತಿಯು ಕರಾವಳಿಯ ಟೆನಿಸ್ ಚೆಂಡಿನ ಕ್ರಿಕೆಟ್‌ಗೂ ಇಳಿದು ಬಂದಿದೆ. ಊರು, ಕೇರಿ, ಸಮಾಜದ ಹೆಸರಿನ ‘ಪ್ರೀಮಿಯರ್ ಲೀಗ್’ಗಳಲ್ಲಿ ತಂಡದ ಮಾಲೀಕರಿಗೆ ಇಂತಿಷ್ಟು ಅಂಕಗಳನ್ನು ಕೊಟ್ಟು ಆಟಗಾರರನ್ನು ಕೂಗಲಾಗುತ್ತದೆ. ಕಾರವಾರದ ಮಾಲಾದೇವಿ ಮೈದಾನ, ಅಂಕೋಲಾದ ಜೈಹಿಂದ್ ಮೈದಾನಗಳು ಈ ಭಾಗದ ಆಟೋಟಗಳ ಪರಿಚಿತ ತಾಣಗಳು. ಮೀನುಗಾರಿಕೆಗೆ ಹೋಗುವ ಯುವಕ, ಕಾಲೇಜು ವಿದ್ಯಾರ್ಥಿ, ಅಂಗಡಿಯವ ಇವರೆಲ್ಲ ಒಂದೇ ಪಟ್ಟಿಯಲ್ಲಿ ಹರಾಜಾಗುತ್ತಾರೆ. ತಾವೇ ಕಡಿಮೆ ಅಂಕಕ್ಕೆ ಬಿಕರಿಯಾದ ಅನುಭವವುಳ್ಳವರು ಪಡಿಕ್ಕಲ್ ಬೆಲೆಯ ಬಗ್ಗೆ ಮಾತನಾಡುವಾಗ ಮಾತಿನ ಧಾಟಿಯೇ ಬೇರೆ.

ಆದರೆ ಚರ್ಮದ ಚೆಂಡಿನ ಕ್ರಿಕೆಟ್‌ನ ಏಣಿ ಇಲ್ಲಿಂದ ಉದ್ದವಾದುದು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ವ್ಯವಸ್ಥೆಯಲ್ಲಿ ಈ ಜಿಲ್ಲೆ ಧಾರವಾಡ ವಲಯಕ್ಕೆ ಸೇರುತ್ತದೆ. ಘಟ್ಟ ಹತ್ತಿ ಹುಬ್ಬಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಆಡಬೇಕಾದ ಹುಡುಗನಿಗೆ ಪ್ರತಿಭೆಯಷ್ಟೇ ಬಸ್ಸಿನ ಖರ್ಚೂ ಮುಖ್ಯ. ರಾಜ್ಯಮಟ್ಟದ ಮಹಾರಾಜ ಟ್ರೋಫಿಯಲ್ಲಿ ೨೦೨೩ರ ಪ್ರಶಸ್ತಿ ಗೆದ್ದ ಹುಬ್ಳಿ ಟೈಗರ್ಸ್ ತಂಡವೇ ಈ ಭಾಗಕ್ಕೆ ಹತ್ತಿರದ್ದು.

೨೦೨೫: ಗೆಲುವು ಮತ್ತು ದುರಂತ

ರಜತ್ ಪಾಟೀದಾರ್ ನಾಯಕತ್ವದ ತಂಡ ೨೦೨೫ರ ಲೀಗ್ ಹಂತದಲ್ಲಿ ಎದುರಾಳಿಗಳ ನೆಲದ ಏಳೂ ಪಂದ್ಯಗಳನ್ನು ಗೆದ್ದಿತು. ಜೂನ್ ೩ರಂದು ಅಹಮದಾಬಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ೧೯೦ ರನ್ ಗಳಿಸಿ ಪಂಜಾಬ್ ಕಿಂಗ್ಸ್ ತಂಡವನ್ನು ೧೮೪ಕ್ಕೆ ತಡೆಯಿತು. ನಾಲ್ಕು ಓವರುಗಳಲ್ಲಿ ೧೭ ರನ್ ಮಾತ್ರ ನೀಡಿ ಎರಡು ವಿಕೆಟ್ ಪಡೆದ ಕೃಣಾಲ್ ಪಂದ್ಯಶ್ರೇಷ್ಠರಾದರು. ಅಂತರ ಆರು ರನ್; ೨೦೦೯ರಲ್ಲಿ ಕೈತಪ್ಪಿದ್ದೂ ಆರೇ ರನ್‌ಗಳಿಂದ. ಜೂನ್ ೧ರಿಂದ ಜುಲೈ ೩೧ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಆಗಷ್ಟೇ ಆರಂಭವಾಗಿತ್ತು, ಕಾರವಾರದ ಬೈತಖೋಲ, ಅಂಕೋಲಾದ ಬೇಲೇಕೇರಿಯ ದೋಣಿಗಳಿಗೆ ಅದು ವಿರಾಮದ ಕಾಲ.

ಮರುದಿನ, ಜೂನ್ ೪ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ಸೇರಿದ್ದ ಜನಸಾಗರದಲ್ಲಿ ಕಾಲ್ತುಳಿತ ಉಂಟಾಗಿ ೧೧ ಮಂದಿ ಮೃತಪಟ್ಟರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಮೃತರಲ್ಲಿ ಬಹುಪಾಲು ಯುವಜನರು. ರಾಜ್ಯ ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತು. ಮೃತರ ಕುಟುಂಬಗಳಿಗೆ ಸರ್ಕಾರದ ಪರಿಹಾರವನ್ನು ೧೦ ಲಕ್ಷದಿಂದ ೨೫ ಲಕ್ಷ ರೂಪಾಯಿಗೆ ಏರಿಸಲಾಯಿತು. ತಂಡವೂ ಆಗಸ್ಟ್ ಕೊನೆಯಲ್ಲಿ ತಲಾ ೨೫ ಲಕ್ಷ ಘೋಷಿಸಿತು. ಆ ಬೇಸಗೆಯ ಅಭಿಮಾನಿ ಚರ್ಚೆ ಆಟಗಾರರ ಕುರಿತಾಗಿರಲಿಲ್ಲ. ತರಾತುರಿಯ ಕಾರ್ಯಕ್ರಮಕ್ಕೆ ಒಪ್ಪಿದವರು ಯಾರು, ಪ್ರವೇಶದ ಬಗ್ಗೆ ಗೊಂದಲ ಹುಟ್ಟಿದ್ದು ಹೇಗೆ, ಬಾಗಿಲುಗಳ ಬಳಿ ವ್ಯವಸ್ಥೆ ಏನಿತ್ತು ಎಂಬುದೇ ಅದರ ವಿಷಯವಾಗಿತ್ತು.

ಆ ವರ್ಷದ ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳನ್ನು ನವಿ ಮುಂಬಯಿಗೆ ಸ್ಥಳಾಂತರಿಸಲಾಯಿತು. ಮಹಾರಾಜ ಟ್ರೋಫಿ ಮೈಸೂರಿನಲ್ಲಿ ನಡೆಯಿತು. ಅದರ ಫೈನಲ್‌ನಲ್ಲಿ ಹುಬ್ಳಿ ಟೈಗರ್ಸ್ ತಂಡವನ್ನು ಸೋಲಿಸಿ ಮಂಗಳೂರು ಡ್ರ್ಯಾಗನ್ಸ್ ಪ್ರಶಸ್ತಿ ಪಡೆಯಿತು.