ಕಡಲೆಕಾಯಿ ಪರಿಷೆಯ ಪ್ರಾಚೀನತೆ

ಕಾರ್ತಿಕಮಾಸದ ಕೊನೆಯ ಸೋಮವಾರ ಬೆಂಗಳೂರಿನ ದೊಡ್ಡ ಬಸವಣ್ಣನ ಗುಡಿಯ ಮುಂದೆ ನೆರೆಯುವ ಕಡಲೆಕಾಯಿ ಪರಿಷೆಯನ್ನು ಕಾಣದವರು ವಿರಳ. ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರದ ಸೀಮೆಗಳಿಂದ ಬಂದ ಕಾಯಿ ಬೀದಿಯ ಎರಡು ಪಕ್ಕಗಳಲ್ಲಿಯೂ ರಾಶಿಬಿದ್ದಿರುತ್ತದೆ. ಹೊಸ ಬೆಳೆ ಮೊದಲು ಬಸವಣ್ಣನಿಗೆ, ಆಮೇಲೆ ಮಾರಾಟಕ್ಕೆ.

ಈ ಪದ್ಧತಿಯ ಮೂಲವನ್ನು ಹೇಳುವ ಐತಿಹ್ಯ ಪ್ರಸಿದ್ಧವಾದುದು. ಹಿಂದೆ ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ಇಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಬಸವನೊಂದು ದಿನವೂ ಬಂದು ಪೈರನ್ನು ಮೇಯುತ್ತಿತ್ತು. ಕಾವಲಿದ್ದ ರೈತನು ಸಿಟ್ಟಿನಿಂದ ದೊಣ್ಣೆಯೆತ್ತಿ ಹೊಡೆಯಲು ಅದು ಅಲ್ಲಿಯೇ ಕಲ್ಲಾಯಿತು. ಪಶ್ಚಾತ್ತಾಪಪಟ್ಟ ಜನರು ಪ್ರಥಮ ಫಲವನ್ನು ಅದಕ್ಕೆ ಅರ್ಪಿಸತೊಡಗಿದರು. ಕೆಂಪೇಗೌಡನು 1537ರಲ್ಲಿ ಗುಡಿ ಕಟ್ಟಿಸಿದನು. ಹೀಗೆಂದು ಕಥೆ.

ಇಲ್ಲಿ ಒಂದು ತೊಡಕುಂಟು. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಪೋರ್ತುಗೀಸರು ಗೋವೆಯನ್ನು ಹಿಡಿದುದು 1510ರಲ್ಲಿ. ಕಾಯಿಯು ಅವರ ಹಡಗುಗಳಲ್ಲಿ ಆ ಶತಮಾನದಲ್ಲಿ ಬಂದಿತೆಂಬುದು ಹಲವು ವಿದ್ವಾಂಸರ ಮತ. ಇಪ್ಪತ್ತೇಳೇ ವರ್ಷಗಳಲ್ಲಿ ಅದು ಸಮುದ್ರತೀರವನ್ನು ಬಿಟ್ಟು ಬೆಂಗಳೂರಿನ ಬಯಲುಗಳಲ್ಲಿ ಊರವರ ಮುಖ್ಯ ಬೆಳೆಯಾಯಿತೆಂದು ನಂಬುವುದು ಕಷ್ಟ. ದಕ್ಷಿಣದೇಶದಲ್ಲಿ ಅದರ ಬೇಸಾಯ ವಿಸ್ತಾರವಾಗಿ ಹಬ್ಬಿದುದಾದರೋ 19ನೆಯ ಶತಮಾನದಲ್ಲಿ. ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ: ಬಂದ ಹೊಸಬನಿಗೆ ನಾವು ಮನೆಯ ಹಳೆಯ ಕಡಲೆಯ ಹೆಸರನ್ನೇ ಕೊಟ್ಟು ‘ನೆಲಗಡಲೆ’ ಎಂದೆವು.

ಹಾಗಾದರೆ ಮೂಲದಲ್ಲಿ ಬಸವನು ಮೇದುದು ಆ ಹಳೆಯ ಕಡಲೆಯನ್ನೇ ಎನ್ನೋಣವೇ? ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಪಂಚಾಂಗ ಒಪ್ಪುವುದಿಲ್ಲ. ಕಡಲೆಯನ್ನು ಬಿತ್ತುವ ಕಾಲವೇ ಆಶ್ವಯುಜ, ಕಾರ್ತಿಕ. ಅದು ಕೊಯ್ಲಿಗೆ ಬರುವಷ್ಟರಲ್ಲಿ ಮಾಘ ಸಮೀಪಿಸಿರುತ್ತದೆ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿಯಾದರೆ ಸರಿಯಾಗಿ ಕಾರ್ತಿಕದ ಹೊತ್ತಿಗೆ ಕಣಕ್ಕೆ ಬರುವುದು. ಆದುದರಿಂದ ಪರಿಷೆ ಈಗಿರುವ ರೂಪವನ್ನು ತಾಳಿದುದು ಈ ಕಾಯಿ ಬಂದ ಮೇಲೆಯೇ. ಕಾರ್ತಿಕ ಸೋಮವಾರದ ಶಿವಪೂಜೆ ಅದಕ್ಕಿಂತ ಹಳೆಯದು, ಗುಡಿಯೂ ಹಳೆಯದಿರಬಹುದು, ಬೆಳೆಯು ಅವುಗಳ ಜೊತೆ ತಡವಾಗಿ ಸೇರಿಕೊಂಡಿತೆಂದು ನನ್ನ ಊಹೆ.

ಇದರಿಂದ ಕಥೆ ಸುಳ್ಳಾಯಿತೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಪೈರಿಗೂ ದನಕ್ಕೂ ನಡೆಯುವ ವ್ಯಾಜ್ಯ, ಹೊಡೆದ ಕೈಯ ಅಳುಕು, ಇವು ಯಾವ ಬೆಳೆಗಾದರೂ ಒಪ್ಪುವ ಮಾತು. 1898ರ ಪ್ಲೇಗಿನ ತರುವಾಯ ಇಲ್ಲಿ ಬಡಾವಣೆ ಬೆಳೆದು ಆ ಹೊಲಗಳು ಮರೆಯಾದುವು. ಮೇಯಲು ಪೈರಿಲ್ಲದ ಊರಿನಲ್ಲಿ ಕಲ್ಲಬಸವನಿಗೆ ಕಾಯಿ ಇಂದಿಗೂ ದೂರದಿಂದ ಬರುತ್ತಿದೆ.