ಉಪವಾಸ ಮತ್ತು ಪವಿತ್ರ ದಿನಗಳಲ್ಲಿ ದೇಹಶುದ್ಧಿ (ಯೆಹೂದಿ ಧರ್ಮಶಾಸ್ತ್ರ)

ಹಲಾಖಾ ಎಂದು ಕರೆಯಲಾಗುವ ಯೆಹೂದಿ ಧರ್ಮಶಾಸ್ತ್ರವು ಕೆಲವು ಉಪವಾಸ ಹಾಗೂ ಪವಿತ್ರ ದಿನಗಳಂದು ಸ್ನಾನಕ್ಕೆ ನಿರ್ಬಂಧ ವಿಧಿಸುತ್ತದೆ. ಉಪವಾಸಗಳ ಮಟ್ಟಿಗೆ ಈ ನಿಯಮಗಳ ತಿರುಳು ಇಷ್ಟು: ಸುಖಕ್ಕಾಗಿ ತೊಳೆಯುವುದು ನಿಷಿದ್ಧ, ಕೊಳೆ ಕಳೆಯಲು ತೊಳೆಯುವುದು ಸಮ್ಮತ.

'''ಯೋಮ್ ಕಿಪ್ಪುರ್'''

ಪ್ರಾಯಶ್ಚಿತ್ತದ ಈ ದಿನ ತಮ್ಮನ್ನು ತಾವು ದಂಡಿಸಿಕೊಳ್ಳಬೇಕೆಂದು ಯಾಜಕಕಾಂಡವು ವಿಧಿಸುತ್ತದೆ. ಸ್ನಾನದ ಪ್ರಸ್ತಾಪ ಅಲ್ಲಿಲ್ಲ. ಕ್ರಿ.ಶ. ಸುಮಾರು 200ರಲ್ಲಿ ಸಂಕಲಿತವಾದ ಮಿಶ್ನಾ ಗ್ರಂಥವು ಅನ್ನಪಾನಗಳೊಂದಿಗೆ ಮೈ ತೊಳೆಯುವುದು, ತೈಲ ಲೇಪನ, ಪಾದರಕ್ಷೆ ಮತ್ತು ದಾಂಪತ್ಯ ಸಂಬಂಧಗಳನ್ನೂ ನಿಷೇಧಿಸಿತು. ರಾಜನೂ ನವವಧುವೂ ಮುಖ ತೊಳೆಯಬಹುದೆಂಬ ಮತವೂ ಅಲ್ಲಿಯೇ ದಾಖಲಾಗಿದೆ. ವಧು ಪತಿಗೆ ಅಸಹ್ಯವಾಗಿ ಕಾಣಬಾರದೆಂಬುದು ಇದಕ್ಕೆ ತಾಲ್ಮುಡ್ ನೀಡುವ ಕಾರಣ; ಶಾಸ್ತ್ರಕಾರರ ಲೋಕಾನುಭವಕ್ಕೆ ಇದೊಂದು ಸಾಕ್ಷಿ.

ಕೈಗೆ ಕೆಸರು ಅಥವಾ ಮಲ ತಗುಲಿದರೆ ಆ ಭಾಗವನ್ನು ಎಂದಿನಂತೆ ತೊಳೆಯಬಹುದು. ಬೆಳಗಿನ ವಿಧ್ಯುಕ್ತ ಕೈತೊಳೆಯುವಿಕೆ ಬೆರಳುಗಳು ಅಂಗೈಯನ್ನು ಕೂಡುವ ಗೆಣ್ಣಿನವರೆಗೆ ಮಾತ್ರ. ಮುಖ ತೊಳೆಯದೆ ಮನಸ್ಸು ನೆಮ್ಮದಿಗೊಳ್ಳದಂತಹ ಸೂಕ್ಷ್ಮ ಪ್ರಕೃತಿಯವರಿಗೆ ಯೋಸೆಫ್ ಕಾರೋ ಅವರ ಶುಲ್ಹಾನ್ ಆರೂಖ್ (ಮೊದಲ ಮುದ್ರಣ 1565) ವಿನಾಯಿತಿ ನೀಡುತ್ತದೆ. ಆದರೆ ಇದರಲ್ಲಿಯೂ ಕಟ್ಟುನಿಟ್ಟಾಗಿರುವುದೇ ರೂಢಿಯೆಂದು ಪೋಲೆಂಡಿನ ಮೋಶೆ ಇಸ್ಸೆರ್ಲೆಸ್ ಟಿಪ್ಪಣಿ ಸೇರಿಸಿದರು.

'''ತಿಶಾ ಬಾವ್ ಮತ್ತು ಇತರ ಉಪವಾಸಗಳು'''

ಜೆರುಸಲೇಮಿನ ಎರಡು ದೇವಾಲಯಗಳ ನಾಶವನ್ನು ಸ್ಮರಿಸುವ ತಿಶಾ ಬಾವ್‌ಗೂ ಇವೇ ನಿಷೇಧಗಳಿವೆ. ಕಾರಣ ಮಾತ್ರ ಶೋಕ. ತಾಲ್ಮುಡ್‌ನ ಪ್ರಕಾರ ರಬ್ಬಿ ಯೆಹೋಶುವ ಬೆನ್ ಲೇವಿ ಹಿಂದಿನ ಸಂಜೆಯೇ ವಸ್ತ್ರವೊಂದನ್ನು ನೀರಿನಲ್ಲಿ ನೆನೆಸಿ ತಲೆದೆಸೆಯಲ್ಲಿ ಇಟ್ಟುಕೊಂಡು, ಮರುದಿನ ಅದರಿಂದ ಮುಖ, ಕೈಕಾಲುಗಳನ್ನು ಒರೆಸಿಕೊಳ್ಳುತ್ತಿದ್ದರು. ಯೋಮ್ ಕಿಪ್ಪುರ್‌ಗಾದರೆ ಬಟ್ಟೆ ಒಣಗಿದಂತಿರಬೇಕಿತ್ತು; ಅದನ್ನು ಕಣ್ಣುಗಳ ಮೇಲಷ್ಟೇ ಆಡಿಸುತ್ತಿದ್ದರು. ಎಸ್ತೇರಳ ಉಪವಾಸದಂತಹ ಸಣ್ಣ ಉಪವಾಸಗಳಲ್ಲಿ ಸ್ನಾನಕ್ಕೆ ಅಡ್ಡಿಯಿಲ್ಲ.

'''ಶಬ್ಬಾತ್ ಮತ್ತು ಹಬ್ಬಗಳು'''

ಇವು ಸಂತೋಷದ ದಿನಗಳು. ಶುಚಿಯಾಗಿಯೇ ಇವನ್ನು ಎದುರುಗೊಳ್ಳಬೇಕು. ಹಿಂದೆ ಶುಕ್ರವಾರವೇ ಕಾಯಿಸಿಟ್ಟ ನೀರಿನಲ್ಲಿ ಶಬ್ಬಾತ್ ದಿನ ಸ್ನಾನ ಮಾಡುತ್ತಿದ್ದರು. ಸ್ನಾನಗೃಹದ ಸೇವಕರು ಶಬ್ಬಾತ್‌ನಂದೇ ನೀರು ಕಾಯಿಸಿ, ನಿನ್ನೆಯದೆಂದು ಹೇಳತೊಡಗಿದ್ದರಿಂದ ಬಿಸಿನೀರ ಸ್ನಾನವನ್ನೇ ನಿಷೇಧಿಸಲಾಯಿತೆಂದು ತಾಲ್ಮುಡ್ ತಿಳಿಸುತ್ತದೆ. ಮೊದಲೇ ಕಾಯಿಸಿಟ್ಟ ನೀರಿನಿಂದ ಮುಖ, ಕೈಕಾಲು ತೊಳೆಯುವುದಕ್ಕೆ ಮಾತ್ರ ಅನುಮತಿ ಉಳಿಯಿತು. ಪಾಸ್ಕ ಮತ್ತು ಪರ್ಣಶಾಲೆಗಳ ಹಬ್ಬದ ನಡುವಿನ ದಿನಗಳಲ್ಲಿ ಕ್ಷೌರವೂ ನಿಷಿದ್ಧ: ಅವಕಾಶವಿತ್ತರೆ ಜನರು ಕ್ಷೌರವನ್ನು ಮುಂದೂಡಿ, ಹಬ್ಬಕ್ಕೆ ಅಸ್ತವ್ಯಸ್ತವಾಗಿ ಕಾಲಿಡುವರೆಂಬ ಶಂಕೆಯೇ ಇದಕ್ಕೆ ಕಾರಣ.